ಅನುಮೋದನೆಯೂ ಹಿಂಸೆಯೇ

ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದ ನಂತರ ಆಹಾರ ತ್ಯಜಿಸುವ ಶ್ರಾವಕರು ಔಷಧದ ವಿಷಯದಲ್ಲಿ ಮಾತ್ರ ಮೌನವಾಗಿರುವುದೇಕೆ? ಪ್ರಾಸ್ಟೇಟ್ ಗ್ರಂಥಿ ಹಿಗ್ಗಿ ಮೂತ್ರಬಾಧೆಯಿಂದ ಬಳಲುವ ಹಿರಿಯರು ಹೊಸಪೇಟೆ, ಕಂಪ್ಲಿ, ಸಂಡೂರುಗಳಲ್ಲಿಯೂ ಇದ್ದಾರೆ. ಅಂಥವರಿಗೆ ಕೊಡುವ ಔಷಧಗಳಲ್ಲೊಂದು ಫಿನಾಸ್ಟೆರೈಡ್. ಟೆಸ್ಟೋಸ್ಟೆರೋನ್ ಹಾರ್ಮೋನು ತನಗಿಂತ ಪ್ರಬಲವಾದ ಡೈಹೈಡ್ರೋಟೆಸ್ಟೋಸ್ಟೆರೋನ್ ಆಗಿ ಮಾರ್ಪಡುವುದನ್ನು ಅದು ತಡೆಯುತ್ತದೆ, ಗ್ರಂಥಿ ಕುಗ್ಗುತ್ತದೆ. 1992ರಲ್ಲಿ ಅಮೆರಿಕ ಅದಕ್ಕೆ ಅನುಮತಿ ನೀಡುವ ಮುನ್ನ ಇಲಿ, ನಾಯಿಗಳ ಮೇಲೆ ಪ್ರಯೋಗಗಳು ನಡೆದಿದ್ದವು.

ಈ ಹಾರ್ಮೋನುಗಳ ಮೇಲೆ ಒಂದು ವಸ್ತುವಿನ ಪರಿಣಾಮವನ್ನು ತಿಳಿಯಲು ಹರ್ಷ್‌ಬರ್ಗರ್ ಎಂಬ ಪರೀಕ್ಷೆಯುಂಟು. ಗಂಡು ಇಲಿಗಳ ವೃಷಣಗಳನ್ನು ತೆಗೆದು, ಹತ್ತು ದಿನ ಆ ವಸ್ತುವನ್ನು ಕೊಟ್ಟು, ಮರುದಿನ ಕೊಂದು, ಪ್ರಾಸ್ಟೇಟ್ ಮೊದಲಾದ ಐದು ಅಂಗಾಂಶಗಳನ್ನು ತೂಗುತ್ತಾರೆ.

ಇದು ಲೋಕಹಿತಕ್ಕಾಗಿ, ಕೃಷಿಯಲ್ಲಿ ಆಗುವಂತಹ ಆರಂಭೀ ಹಿಂಸೆಯಷ್ಟೇ ಎಂದು ವಾದಿಸುವವರಿದ್ದಾರೆ. ಈ ವಾದ ನಿಲ್ಲದು. ರೈತನು ಎಚ್ಚರದಿಂದ ಉತ್ತರೂ ಜೀವ ಸಾಯಬಹುದು. ಇಲ್ಲಿ ಕೊಲ್ಲದೆ ತೂಕವೇ ದೊರೆಯದು. ಹಂಪೆಯ ಗಾಣಗಿತ್ತಿ ಬಸದಿ ಎಂದು ಕರೆಯುವ ಕುಂಥುನಾಥ ಜಿನಾಲಯವನ್ನು ಕಟ್ಟಿಸಿದ ಇರುಗಪ್ಪ ದಂಡನಾಯಕನು ಖಡ್ಗ ಹಿಡಿದವನು. ರಾಜ್ಯರಕ್ಷಣೆಯ ಆ ಹಿಂಸೆಗೆ ವಿರೋಧೀ ಎಂಬ ಹೆಸರುಂಟು. ತನಗೆ ಯಾವ ಕೇಡನ್ನೂ ಮಾಡದ ಸಂಜ್ಞೀ ಪಂಚೇಂದ್ರಿಯ ಜೀವಿಯನ್ನು ಯೋಜಿಸಿ ಕೊಲ್ಲುವುದು ಸಂಕಲ್ಪೀ ಹಿಂಸೆ. ಗೃಹಸ್ಥನಿಗೂ ಅದು ವರ್ಜ್ಯ. ಕೃತ, ಕಾರಿತ, ಅನುಮೋದನೆ ಮೂರರಿಂದಲೂ ಪಾಪಬಂಧವಾಗುವಾಗ, ನಾವು ಕೊಲ್ಲಲಿಲ್ಲವೆಂಬ ಸಮಾಧಾನಕ್ಕೆ ಅರ್ಥವೇನು?

ರೋಗಿಯು ಔಷಧ ಬಿಡಬೇಕೆಂದು ನಾವು ಹೇಳುತ್ತಿಲ್ಲ. ಅವನು ವೈದ್ಯರ ಮಾತನ್ನು ಪಾಲಿಸಲಿ. ಆದರೆ ಮುಂದಿನ ಹಿಂಸೆಯನ್ನು ತಡೆಯಬಹುದು. ಆ ಹಾರ್ಮೋನಿನ ಗ್ರಾಹಕದ ಮೇಲಿನ ಪರಿಣಾಮವನ್ನು ಗಾಜಿನ ತಟ್ಟೆಯ ಜೀವಕೋಶಗಳಲ್ಲಿಯೇ ಪರೀಕ್ಷಿಸುವ ವಿಧಾನಕ್ಕೆ 2016ರಲ್ಲಿ ಅಂತರರಾಷ್ಟ್ರೀಯ ಮಾನ್ಯತೆ ದೊರೆತಿದೆ. ಅದು ಎಲ್ಲ ಪ್ರಶ್ನೆಗಳಿಗೂ ಉತ್ತರಿಸದು, ನಿಜ. ಉತ್ತರಿಸುವಲ್ಲಿಯೂ ಇಲಿಯನ್ನು ಕೊಲ್ಲುವುದಕ್ಕೆ ನೆಪವೇನು? ಸಾಧ್ಯವಿರುವಲ್ಲೆಲ್ಲ ಪ್ರಾಣಿಪ್ರಯೋಗವನ್ನು ತಪ್ಪಿಸಬೇಕೆಂಬ ಆಶಯ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿಯೇ ಇದೆ. 2023ರ ನಿಯಮ ತಿದ್ದುಪಡಿಯು ಹೊಸ ಔಷಧಗಳಿಗೆ ಪ್ರಾಣಿರಹಿತ ಪರೀಕ್ಷೆಗಳನ್ನೂ ಒಪ್ಪಿದೆ.

ಬಸದಿಗಳ ಟ್ರಸ್ಟುಗಳು ಔಷಧಶಾಸ್ತ್ರದ ವಿದ್ಯಾರ್ಥಿಗಳಿಗೆ, ಕಾಲೇಜುಗಳಿಗೆ ಧನಸಹಾಯ ಮಾಡುವ ಮುನ್ನ ಒಂದು ಪ್ರಶ್ನೆಯನ್ನು ಲಿಖಿತವಾಗಿ ಕೇಳಲಿ: ಪ್ರಾಣಿಯನ್ನು ಕೊಲ್ಲದ ಮಾರ್ಗವನ್ನು ಮೊದಲು ಹುಡುಕಿದಿರಾ? ಉತ್ತರ ಬರುವವರೆಗೆ ಹಣ ಬಿಡುಗಡೆಯಾಗದಿರಲಿ. ಪ್ರಶ್ನಿಸದೆ ನೀಡಿದ ದಾನವೂ ಅನುಮೋದನೆಯೇ.