ಚೀಲ ಮೇಲೆ, ಮಗು ಮಡಿಲಲ್ಲಿ

ಹಣ ಕೊಟ್ಟು ಕೊಂಡ ಆಸನವೊಂದು ಬರಿದಾಗಿಯೇ ಬೆಂಗಳೂರಿನಿಂದ ಹೊರಟು ಅಮೆರಿಕವನ್ನು ಮುಟ್ಟಿತೆಂದೂ, ಆ ಆಸನಕ್ಕೆ ಒಡೆಯನಾಗಬೇಕಾಗಿದ್ದ ಹತ್ತು ತಿಂಗಳ ಶಿಶು ಅಷ್ಟು ಹೊತ್ತೂ ಅದರ ಪಕ್ಕದಲ್ಲಿಯೇ ತಾಯಿಯ ತೊಡೆಯ ಮೇಲೆ ಕುಳಿತಿತ್ತೆಂದೂ ಈ ವಾರ ಫೋನಿನಲ್ಲಿ ಕೇಳಿದಂದಿನಿಂದ ನನ್ನ ಮನಸ್ಸು ನೆಟ್ಟಗಿಲ್ಲ. ಓದುಗರು ಇದನ್ನು ಮನೆಯ ಜಗಳವೆಂದು ತಳ್ಳಿಹಾಕದೆ ಸ್ವಲ್ಪ ಕೇಳಬೇಕು.

ನನ್ನ ಅಕ್ಕನ ಮಗಳು ಕ್ಯಾಲಿಫೋರ್ನಿಯದಲ್ಲಿ ನೆಲೆಸಿರುವವಳು. ಎರಡು ವರ್ಷ ತುಂಬದ ಕೂಸಿಗೆ ದೊಡ್ಡವರ ದರದ ಹತ್ತರಲ್ಲೊಂದು ಪಾಲಿನಷ್ಟು ತೆತ್ತು ಮಡಿಲಲ್ಲಿ ಕೂರಿಸಿಕೊಂಡು ಹೋಗುವ ಸೌಲಭ್ಯ ಇದ್ದೇ ಇದ್ದರೂ, ಆಕೆ ಮಗುವಿಗೆಂದು ಪ್ರತ್ಯೇಕ ಆಸನವನ್ನೇ ಕೊಂಡು, ಅದೂ ನಿಯಮ ಹೇಳುವಂತೆ ಕಿಟಕಿಯ ಪಕ್ಕದ್ದನ್ನೇ ಆರಿಸಿ, ಅದರ ಮೇಲೆ ಬಿಗಿಯುವುದಕ್ಕೆಂದು ಕಾರ್ ಸೀಟನ್ನು ಹೊತ್ತುಕೊಂಡೇ ಬಂದಿದ್ದಳು, ಹೊತ್ತುಕೊಂಡೇ ಹೊರಟಿದ್ದಳು. ಮೋಟಾರು ವಾಹನದಲ್ಲಿಯೂ ವಿಮಾನದಲ್ಲಿಯೂ ಬಳಸಲು ಇದು ಅರ್ಹವಾದುದೆಂದು ಆ ಸೀಟಿನ ಪಕ್ಕದಲ್ಲಿ ಕೆಂಪಕ್ಷರದಲ್ಲಿ ಅಚ್ಚಾಗಿರುತ್ತದೆ. ಕೌಂಟರಿನ ತರುಣ ಅದನ್ನು ಮಗುಚಿ ನೋಡಿದ, ಕೆಂಪಕ್ಷರವನ್ನೂ ಓದಿದ, ಓದಿ, “ಬ್ಯಾಗೇಜಿಗೆ ಹಾಕಿಬಿಡಿ ಮೇಡಂ, ಫ್ರೀ” ಎಂದ. ಅವನ ಮೇಲಿನವರು ಬಂದು, ಮಗು ಇಷ್ಟು ಚಿಕ್ಕದಿರುವಾಗ ಇಷ್ಟೆಲ್ಲ ಏಕೆ, ಲ್ಯಾಪಿನಲ್ಲೇ ಇಟ್ಟುಕೊಳ್ಳಬಹುದಲ್ಲ ಎಂದರು. ಹಿಂದೆ ಸಾಲು ಬೆಳೆಯುತ್ತಿತ್ತು, ಮಗು ಅಳತೊಡಗಿತ್ತು. ಅಮೆರಿಕದ ಕಂಪನಿಯಾಗಿದ್ದಿದ್ದರೆ, ಟಿಕೇಟು ಕೊಂಡ ಶಿಶುವಿಗೆ ಅಂಗೀಕೃತವಾದ ಸೀಟನ್ನು ಬಳಸಬೇಡವೆನ್ನುವ ಅಧಿಕಾರವೇ ಅವರಿಗಿರುತ್ತಿರಲಿಲ್ಲ, ಇದು ಅಮೆರಿಕದ್ದಾಗಿರಲಿಲ್ಲ. ಹೀಗಾಗಿ ಸೀಟು ವಿಮಾನದ ಹೊಟ್ಟೆಗೆ ಹೋಯಿತು. ಒಡತಿ ಮೇಲೆ ಹತ್ತಿ, ಬರಿದಾದ ಆಸನದ ಮೇಲೆ ಡೈಪರು, ಹಾಲಿನ ಸೀಸೆಗಳ ಚೀಲವನ್ನಿಟ್ಟು ಕುಳಿತಳು. ವಿಮಾನ ಹೊರಡುವ ಮುನ್ನ ಪರಿಚಾರಿಕೆ ಬಂದು ಆ ಚೀಲವನ್ನು ಬೆರಳು ಮಾಡಿ ತೋರಿಸಿದಳಂತೆ. ಏರುವಾಗ ಆಸನದ ಮೇಲೆ ಬಿಡಿ ಸಾಮಾನು ಇರಕೂಡದು, ಅಪಾಯ.

“ಮಾವ, ಚೀಲಾನ ಮೇಲಿಡಿ ಅಂದ್ರು, ಮಗೂನ ಹಾಗೇ ಹಿಡ್ಕೊಳ್ಳಿ ಅಂದ್ರು” ಎಂದು ಆಕೆ ಹೇಳಿದಾಗ ನಗಬೇಕೋ ಬಯ್ಯಬೇಕೋ ನನಗೆ ತಿಳಿಯಲಿಲ್ಲ. ಬಯ್ಯುವುದೇ ಸರಿಯೆಂದು ಈಗ ತೋರುತ್ತಿದೆ.

ವಿಮಾನದೊಳಗೆ ಏರುವ ವೇಳೆಗೂ ಇಳಿಯುವ ವೇಳೆಗೂ ಕಟ್ಟದೆ ಬಿಡುವ ಪದಾರ್ಥ ಒಂದೂ ಇಲ್ಲವೆಂಬುದನ್ನು ಹಾರಿದವರೆಲ್ಲ ಬಲ್ಲರು. ಕಾಫಿಯ ಹೂಜಿಗೆ ಅಗುಳಿಯಿದೆ, ಊಟದ ಗಾಡಿಗೆ ಬೀಗವಿದೆ, ನಿಮ್ಮ ಮುಂದಿನ ತಟ್ಟೆಯನ್ನು ಮಡಿಸಿ ತಿರುಪಬೇಕು, ಲ್ಯಾಪ್‌ಟಾಪನ್ನು ಒಳಗಿಡಬೇಕು. ಎರಡು ವರ್ಷ ತುಂಬದ ಮನುಷ್ಯಪ್ರಾಣಿಯೊಂದಕ್ಕೆ ಮಾತ್ರ ಈ ಕಟ್ಟಳೆಯಿಂದ ವಿನಾಯಿತಿ. ಯೂರೋಪಿನವರೂ ನಮ್ಮವರೂ ಒಂದು ಪುಟ್ಟ ಪಟ್ಟಿಯನ್ನು ಕೊಟ್ಟು, ಅದನ್ನು ತಾಯಿಯ ಪಟ್ಟಿಗೆ ಪೋಣಿಸಿ ಮಗುವಿನ ಸೊಂಟಕ್ಕೆ ಸುತ್ತಿಸುವರು. ಅಮೆರಿಕದವರು ಅದೇ ಪಟ್ಟಿಯನ್ನು ಏರುವಾಗ ಇಳಿಯುವಾಗ ಬಳಸಕೂಡದೆಂದು ನಿಷೇಧಿಸಿರುವರು. ಆಘಾತವಾದಾಗ ತಾಯಿಯ ದೇಹ ಮುಂದಕ್ಕೆ ಮಡಿಸಿ ಮಗುವಿನ ಮೇಲೆಯೇ ಬೀಳುವುದೆಂದೂ, ಪಟ್ಟಿಯ ಒತ್ತಡವೆಲ್ಲ ಎಳೆಯ ಹೊಟ್ಟೆಯ ಮೇಲೆ ಸೇರುವುದೆಂದೂ ಅವರು ಕೊಡುವ ಕಾರಣ. ಒಂದೇ ಮಗು ಒಂದೇ ಪ್ರಯಾಣದಲ್ಲಿ ಫ್ರಾಂಕ್‌ಫರ್ಟ್‌ವರೆಗೆ ಕಟ್ಟಿಸಿಕೊಂಡು, ಅಲ್ಲಿಂದಾಚೆಗೆ ಅಮೆರಿಕದ ವಿಮಾನವನ್ನೇರಿದರೆ ಬಿಚ್ಚಿಸಿಕೊಂಡು ಹೋಗಬೇಕು. ಎರಡೂ ಕಡೆಯ ಪಂಡಿತರು ಪರಸ್ಪರ ವಿರುದ್ಧವಾಗಿ ನುಡಿಯುತ್ತಿರುವಾಗಲೂ ಮಡಿಲು ಸುರಕ್ಷಿತವೆಂದು ಹೇಳುವ ಧೈರ್ಯ ಇಬ್ಬರಿಗೂ ಇಲ್ಲ. ಅಮೆರಿಕದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ ಅಂತೂ, ಶಿಶುವಿಗೆ ಕ್ಷೇಮವಾದ ತಾಣ ಅಂಗೀಕೃತ ಸೀಟೇ ಹೊರತು ನಿಮ್ಮ ಮಡಿಲಲ್ಲವೆಂದು ತಾನೇ ಸಾರುತ್ತದೆ. ಸಾರಿ, ಆಮೇಲೆ ಮಡಿಲಿಗೆ ಅನುಮತಿಯನ್ನೂ ಕೊಡುತ್ತದೆ.

ಇದರ ಹಿಂದಿನ ಕಥೆಯನ್ನು ಹೇಳದೆ ಮುಂದಕ್ಕೆ ಹೋಗಲಾರೆ. 1989ರ ಜುಲೈ 19ರಂದು ಡೆನ್ವರಿನಿಂದ ಷಿಕಾಗೋಗೆ ಹೊರಟಿದ್ದ ಯುನೈಟೆಡ್ ಸಂಸ್ಥೆಯ 232ನೆಯ ವಿಮಾನದ ಬಾಲದಲ್ಲಿದ್ದ ಎಂಜಿನು ನಡುಹಾದಿಯಲ್ಲಿ ಸಿಡಿದು, ವಿಮಾನವನ್ನು ತಿರುಗಿಸುವ ಹೈಡ್ರಾಲಿಕ್ ವ್ಯವಸ್ಥೆಯೆಲ್ಲ ನಾಶವಾಗಿ, ಕ್ಯಾಪ್ಟನ್ ಆಲ್ ಹೇನ್ಸ್ ಮತ್ತು ಅವರ ಸಂಗಡಿಗರು ಉಳಿದ ಎರಡು ಎಂಜಿನುಗಳ ವೇಗವನ್ನು ಹೆಚ್ಚುಕಡಮೆ ಮಾಡುತ್ತ ಅದನ್ನು ಅಯೋವಾ ಪ್ರಾಂತದ ಸೂ ಸಿಟಿಯವರೆಗೆ ತಂದುದು ವಿಮಾನಯಾನದ ಚರಿತ್ರೆಯಲ್ಲಿಯೇ ಅದ್ಭುತವೆನ್ನುವರು. 296 ಜನರಲ್ಲಿ 184 ಮಂದಿ ಬದುಕಿದರು. ಆ ವಿಮಾನದಲ್ಲಿ ಸ್ವಂತ ಆಸನವಿಲ್ಲದ ನಾಲ್ಕು ಮಡಿಲ ಮಕ್ಕಳಿದ್ದರು. ಮುಖ್ಯ ಪರಿಚಾರಿಕೆ ಜಾನ್ ಬ್ರೌನ್, ಅಂದಿನ ಕೈಪಿಡಿ ಹೇಳಿದ್ದಂತೆ, ಕಂಬಳಿ ದಿಂಬುಗಳನ್ನು ಒತ್ತುಕೊಟ್ಟು ಮಕ್ಕಳನ್ನು ಕಾಲಬುಡದಲ್ಲಿ ನೆಲದ ಮೇಲೆ ಮಲಗಿಸಿ ಹಿಡಿದುಕೊಳ್ಳಿರೆಂದು ತಾಯಂದಿರಿಗೆ ಹೇಳಿದರು. ಹೇಳತಕ್ಕ ಬೇರೆ ಮಾತು ಆಕೆಯ ಬಳಿ ಇರಲಿಲ್ಲ. ವಿಮಾನ ಮಗುಚಿ ಮುರಿದು ಜೋಳದ ಹೊಲದಲ್ಲಿ ಬಿದ್ದ ಮೇಲೆ, ಆ ನಾಲ್ವರಲ್ಲಿ ಒಂದು ಮಗು ತೀರಿಕೊಂಡಿತ್ತು. ಅದರ ತಾಯಿ ಮಗುವನ್ನು ಹುಡುಕಲು ಹೊಗೆಯೊಳಕ್ಕೆ ಹಿಂದಿರುಗ ಹೊರಟಾಗ ಅಡ್ಡ ನಿಂತು ತಡೆದವರೂ ಆ ಬ್ರೌನ್ ಅವರೇ. ಇನ್ನೊಂದು ಹಸುಗೂಸಿನ ಅಳುವನ್ನು ಕೇಳಿ, ಹೊರಗೆ ಬಂದಿದ್ದ ಪ್ರಯಾಣಿಕನೊಬ್ಬ ಪುನಃ ಒಳಹೊಕ್ಕು ಅದನ್ನು ಎತ್ತಿತಂದ. ಅದು ಸಿಕ್ಕಿದುದು ಎಲ್ಲಿ? ಸಾಮಾನಿಡುವ ಮೇಲಿನ ಗೂಡಿನಲ್ಲಿ. ನನ್ನ ಅಕ್ಕನ ಮಗಳ ಚೀಲ ಈ ವಾರ ಹೋಗಿ ಕುಳಿತಿತಲ್ಲ, ಅಂತಹುದೇ ಗೂಡು.

ಬ್ರೌನ್ ಅವರು ಅಂದಿನಿಂದ ದಶಕಗಳ ಕಾಲ ಒಂದೇ ಬೇಡಿಕೆಯನ್ನು ಹಿಡಿದು ನಿಂತರು: ಪ್ರತಿ ಶಿಶುವಿಗೂ ಆಸನ, ಪ್ರತಿ ಶಿಶುವಿಗೂ ಬಂಧ. ಅಲ್ಲಿಯ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯೂ 1990ರಿಂದ ಅದನ್ನೇ ಶಿಫಾರಸು ಮಾಡುತ್ತ ಬಂದಿದೆ. ಲೆಕ್ಕ ಸರಳವಾದುದು. ಹೊಸ ವಿನ್ಯಾಸದ ವಿಮಾನಗಳಲ್ಲಿ ದೊಡ್ಡವರ ಆಸನವನ್ನು ಗುರುತ್ವದ 16 ಪಟ್ಟು ಆಘಾತಕ್ಕೆ ಪರೀಕ್ಷಿಸುತ್ತಾರೆ. ಆ ಆಘಾತದಲ್ಲಿ ಹತ್ತು ಕಿಲೋ ತೂಗುವ ಮಗು ಆ ಕ್ಷಣಕ್ಕೆ ನೂರ ಅರವತ್ತು ಕಿಲೋ ತೂಗುತ್ತದೆ. ವಾತ್ಸಲ್ಯ ಎಷ್ಟೇ ಇದ್ದರೂ ತೋಳು ತೋಳೇ.

ಆದರೂ ಸರ್ಕಾರ ಒಪ್ಪಲಿಲ್ಲ. 2005ರಲ್ಲಿ ಅದು ಕೊಟ್ಟ ಸಮಾಧಾನ ಹೀಗಿತ್ತು: ಶಿಶುವಿಗೂ ಟಿಕೇಟು ಕಡ್ಡಾಯವಾದರೆ ಖರ್ಚಿಗೆ ಹೆದರಿದ ಸಂಸಾರಗಳು ವಿಮಾನವನ್ನು ಬಿಟ್ಟು ಕಾರಿನಲ್ಲಿ ಹೊರಡುವುವು, ರಸ್ತೆಯಲ್ಲಿ ಸಾಯುವವರು ಆಕಾಶದಲ್ಲಿ ಸಾಯುವವರಿಗಿಂತ ಬಹಳ ಹೆಚ್ಚು, ಆದುದರಿಂದ ಮಕ್ಕಳ ಒಳಿತಿಗಾಗಿಯೇ ಮಕ್ಕಳನ್ನು ಕಟ್ಟದೆ ಬಿಡತಕ್ಕದ್ದು. ಡೆನ್ವರಿನಿಂದ ಷಿಕಾಗೋಗೆ ಹೋಗುವವರ ಮಟ್ಟಿಗೆ ಈ ತರ್ಕದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಅಲ್ಲಿ ಹೆದ್ದಾರಿಯುಂಟು, ಮನೆಯಲ್ಲಿ ಕಾರುಂಟು. ಆದರೆ 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಮೊದಲ ನೇರ ವಿಮಾನ ಉತ್ತರಧ್ರುವವನ್ನು ಹಾಯ್ದು ಸುಮಾರು 14,000 ಕಿಲೋಮೀಟರು ಹಾರಿ ದೇವನಹಳ್ಳಿಯಲ್ಲಿ ಇಳಿಯಿತಲ್ಲ, ಆ ಹಾದಿಯ ಪ್ರಯಾಣಿಕರು ಟಿಕೇಟು ದುಬಾರಿಯಾಯಿತೆಂದು ಕಾರು ಹತ್ತಿ ಬರುವುದು ಯಾವ ರಸ್ತೆಯಲ್ಲಿ? ಧ್ರುವದ ಮೇಲೆ ಚತುಷ್ಪಥದ ಟೆಂಡರನ್ನು ನಮ್ಮ ಗುತ್ತಿಗೆದಾರರೂ ಇನ್ನೂ ಹಿಡಿದಂತಿಲ್ಲ. ಒಂದು ದೇಶದ ಒಳಸಂಚಾರಕ್ಕೆಂದು ಹೂಡಿದ ನೆಪ ಸಾಗರಗಳನ್ನು ದಾಟುವ ಕೂಸಿಗೂ ಅನ್ವಯಿಸುತ್ತಿದೆ, ಯಾರೂ ಕೇಳುವುದಿಲ್ಲ.

ವಿಮಾನ ಅಷ್ಟೇನೂ ಬೀಳುವುದಿಲ್ಲವಲ್ಲ ಎನ್ನುವಿರಿ. ನಿಜ, ಬೀಳುವುದು ಬಹಳ ಅಪರೂಪ. ಕುಲುಕುವುದು ಅಪರೂಪವಲ್ಲ. 2025ರ ಮೇ ತಿಂಗಳಿನಲ್ಲಿ ದೆಹಲಿಯಿಂದ ಶ್ರೀನಗರಕ್ಕೆ ಹೊರಟ ವಿಮಾನ ಆಲಿಕಲ್ಲಿನ ಬಿರುಗಾಳಿಗೆ ಸಿಕ್ಕು ಮೂತಿ ಒಡೆದುಕೊಂಡು ಇಳಿದುದನ್ನು ಎಲ್ಲರೂ ನೋಡಿದ್ದೀರಿ. 2024ರ ಜನವರಿಯಲ್ಲಿ ಪೋರ್ಟ್‌ಲೆಂಡಿನಲ್ಲಿ ಅಲಾಸ್ಕಾ ಏರ್‌ಲೈನ್ಸಿನ ವಿಮಾನದ ಪಕ್ಕೆ ಕಿತ್ತುಹೋಗಿ ಆಕಾಶ ಒಳಗೆ ಕಂಡಾಗ ಅದರಲ್ಲಿಯೂ ಮೂರು ಮಡಿಲ ಶಿಶುಗಳಿದ್ದುವು. ಹರಿದ ಗೋಡೆಗೆ ಅಂಟಿದ್ದ ಆಸನದಲ್ಲಿ ಅಂದು ಯಾರೂ ಇರಲಿಲ್ಲವೆಂಬುದು ದೈವಕೃಪೆಯೇ ಹೊರತು ನಿಯಮದ ಮಹಿಮೆಯಲ್ಲ.

ಮಡಿಲಿನ ಈ ಭಕ್ತಿ ಆಕಾಶಕ್ಕೆ ಹೋದದ್ದು ಭೂಮಿಯಿಂದಲೇ. ಕಾರಿನಲ್ಲಿ ಮಗುವನ್ನು ಸೀಟಿಗೆ ಬಿಗಿಯಬೇಕೆಂಬ ಕಾನೂನನ್ನು ಅಮೆರಿಕದಲ್ಲಿ ಮೊದಲು ಜಾರಿಗೆ ತಂದುದು ಟೆನೆಸೀ ಪ್ರಾಂತ, 1978ರಲ್ಲಿ. ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸ್ ಅವರು ಅದಕ್ಕಾಗಿ ಹಟ ಹಿಡಿದರು. ಶಾಸಕರು ಒಪ್ಪಿದರು, ಆದರೆ ತಾಯಿಯ ತೋಳಿನಲ್ಲಿರುವ ಕೂಸಿಗೆ ಮಾತ್ರ ಇದು ಅನ್ವಯಿಸದೆಂಬ ಒಂದು ವಿನಾಯಿತಿಯನ್ನು ಸೇರಿಸಿಯೇ ಒಪ್ಪಿದರು. ರಕ್ಷಣೆ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರನ್ನೇ ಹೊರಗಿಟ್ಟ ಆ ವಿನಾಯಿತಿಯನ್ನು ತೆಗೆಯಿಸಲು 1981ರವರೆಗೆ ಕಾಯಬೇಕಾಯಿತು. ರಸ್ತೆಯವರು ಕಲಿತರು. ಗಗನದವರು ಇನ್ನೂ ಕಲಿಯಬೇಕಾಗಿದೆ.

ನಮ್ಮಲ್ಲಿ ರಸ್ತೆಯವರು ಕಲಿತರೇ ಎಂದು ಕೇಳುವ ಓದುಗರಿಗೆ ನನ್ನ ಹಳೆಯ ಹುಚ್ಚು ಗೊತ್ತೇ ಇದೆ. ಗೊತ್ತಿರುವವರು ಈ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು. ನನ್ನ ದ್ವೇಷ ಸೀಟ್ ಕವರಿನ ಮೇಲೆ. ಹೊಸ ಕಾರು ಕೊಂಡ ಕನ್ನಡಿಗನು ದೇವಸ್ಥಾನದ ಮುಂದೆ ಚಕ್ರದಡಿ ನಿಂಬೆಹಣ್ಣು ಒಡೆಸಿದ ಬಳಿಕ ಮಾಡುವ ಮೊದಲ ಕೆಲಸವೆಂದರೆ ಬೆಂಗಳೂರಾದರೆ ಜೆ.ಸಿ. ರೋಡಿಗೆ, ಇಲ್ಲವಾದರೆ ತನ್ನೂರಿನ ಅಂತಹುದೇ ಬೀದಿಗೆ ಹೋಗಿ, ಕಾರ್ಖಾನೆಯವರು ಕೊಟ್ಟ ಆಸನಕ್ಕೆ ರೆಕ್ಸಿನಿನ ಕವಚ ತೊಡಿಸುವುದು. ಆ ಕವಚ ಹಿಂದಿನ ಸೀಟಿನ ಬೆಲ್ಟಿನ ಕೊಂಡಿಗಳನ್ನು ನುಂಗಿಬಿಡುವುದು. ಅಂದಿನಿಂದ ಆ ಕಾರು ಗುಜರಿಗೆ ಸೇರುವ ದಿನದವರೆಗೂ ಹಿಂದೆ ಕುಳಿತವನಿಗೆ ಬೆಲ್ಟೆಂಬ ವಸ್ತುವಿದೆಯೆಂಬುದೇ ತಿಳಿಯದಿರುವುದು. ಇದು ನಾನು ವರ್ಷಗಳಿಂದ ಬರೆಯುತ್ತಿರುವ ಮಾತು. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯಿದೆಯ 194ಬಿ ಕಲಮು, ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಬಿಗಿಯದೆ ವಾಹನ ನಡೆಸಿದವನಿಗೆ ಸಾವಿರ ರೂಪಾಯಿ ದಂಡವೆನ್ನುತ್ತದೆ. ಈ ದಂಡ ತೆತ್ತವನೊಬ್ಬನನ್ನು ಕಂಡರೆ ಕೈಮುಗಿಯಬೇಕೆಂದಿದ್ದೇನೆ, ಇನ್ನೂ ಕಂಡಿಲ್ಲ. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ತೀರಿಕೊಂಡಾಗ ಒಂದಷ್ಟು ದಿನ ದೇಶವೆಲ್ಲ ಕೊಂಡಿ ಹುಡುಕಿತು, ಆಮೇಲೆ ಕವಚ ಮತ್ತೆ ಮುಚ್ಚಿಕೊಂಡಿತು.

ಅಕ್ಕನ ಮಗಳು ಬಂದಿಳಿದ ದಿನ ಕರೆತರಲು ಟ್ಯಾಕ್ಸಿಯೊಂದಿಗೆ ನಾನೇ ದೇವನಹಳ್ಳಿಗೆ ಹೋಗಿದ್ದೆ. ಬಾಗಿಲು ತೆಗೆದ ಕೂಡಲೆ ಆಕೆ ಕಾರ್ ಸೀಟನ್ನು ಹಿಂದಿಟ್ಟು ಬೆಲ್ಟು ಎಲ್ಲಿ ಎಂದಳು. “ಹಿಂದಗಡೆ ಬೆಲ್ಟ್ ಯಾರೂ ಕೇಳಲ್ಲ ಅಕ್ಕಾ” ಎಂದು ಚಾಲಕ ಸಂಕೋಚದಿಂದ ನಕ್ಕ. ಒಳ್ಳೆಯ ಹುಡುಗ, ವಾದಿಸದೆ, ಹಿಂದೆ ನಿಂತ ವಾಹನಗಳ ಹಾರನ್ನಿಗೂ ಪೊಲೀಸಿನವನ ಸಿಳ್ಳೆಗೂ ಕಿವುಡಾಗಿ, ಕವಚದ ಹುರಿ ಬಿಚ್ಚಿ, ಸೀಟಿನ ಬುಡವನ್ನು ಎತ್ತಿ ಹಿಡಿದು, ಸಂದಿನೊಳಗೆ ಮೊಣಕೈವರೆಗೂ ಕೈಯಿಟ್ಟ. ಮೊದಲು ಬಂದುದು ಕಡಲೆಕಾಯಿಯ ಸಿಪ್ಪೆ, ಆಮೇಲೆ ಒಂದು ಹೇರ್‌ಪಿನ್ನು, ಎರಡು ರೂಪಾಯಿಯ ನಾಣ್ಯ, ಯಾವುದೋ ದೇವಸ್ಥಾನದ ವಿಶೇಷ ದರ್ಶನದ ಚೀಟಿ. ಕಟ್ಟಕಡೆಗೆ, ಕಾರ್ಖಾನೆಯ ಪ್ಲಾಸ್ಟಿಕ್ಕು ಕೂಡ ಹರಿಯದ ಹೊಚ್ಚ ಹೊಸ ಕೊಂಡಿ. ಕಾರಿಗೆ ಆರು ವರ್ಷವಾಗಿತ್ತು. ಸೀಟು ಬಿಗಿದು ಮಗುವನ್ನು ಕೂರಿಸಿದಾಗ ಅದು ಬಳ್ಳಾರಿ ರಸ್ತೆಯನ್ನು ಮುಟ್ಟುವುದರೊಳಗೆ ನಿದ್ದೆ ಹೋಗಿತ್ತು. ಮಗುವನ್ನು ಕಟ್ಟಿಹಾಕುವುದು ನಿರ್ದಯೆಯೆನ್ನುವವರು ಆ ನಿದ್ದೆಯನ್ನು ನೋಡಬೇಕಾಗಿತ್ತು.

ಹಾಗೆನ್ನುವವರಲ್ಲಿ ಅಗ್ರಗಣ್ಯರು ನಮ್ಮ ಬಡಾವಣೆಯಲ್ಲಿಯೇ ಇದ್ದಾರೆ. ನಿವೃತ್ತರು, ಸಜ್ಜನರು, ನನ್ನೊಡನೆ ಪಾರ್ಕಿನಲ್ಲಿ ನಡೆಯುವವರು. ಈ ವಾರ ನನ್ನ ಗೋಳನ್ನು ಪೂರ್ತಿ ಕೇಳಿ, “ನಮ್ಮ ಕಾಲದಲ್ಲಿ ಹೆಂಗಸರು ಸೊಂಟದ ಮೇಲೆ ಮಗೂನ ಎತ್ಕೊಂಡು ಊರೂರು ತಿರುಗಲಿಲ್ವೇನ್ರೀ? ಹೆತ್ತತಾಯಿ ಅಪ್ಪುಗೆಗಿಂತ ದೊಡ್ಡ ಬೆಲ್ಟು ಯಾವುದು ಹೇಳಿ” ಎಂದು ನನ್ನ ಬಾಯಿ ಮುಚ್ಚಿಸಿದರು. ಈ ಮಹನೀಯರು ಆಗಾಗ ನ್ಯೂಜೆರ್ಸಿಯ ಮಗನ ಮನೆಗೆ ಹೋಗಿಬರುವವರು. ಹೊರಡುವ ಮುನ್ನ ಮಿಡಿ ಉಪ್ಪಿನಕಾಯಿಯ ಜಾಡಿಯನ್ನು ಸಿದ್ಧಪಡಿಸುವ ಅವರ ಶ್ರದ್ಧೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ: ಬಾಯಿಗೆ ಪ್ಲಾಸ್ಟಿಕ್ಕು, ಅದರ ಮೇಲೆ ರಬ್ಬರು, ಅದರ ಮೇಲೆ ಅಂಟುಪಟ್ಟಿ, ಹಳೆಯ ಪಂಚೆಯ ಸುತ್ತು, ಸ್ಟೀಲಿನ ಡಬ್ಬಿ, ಡಬ್ಬಿಯ ಸುತ್ತ ಸ್ವೆಟರುಗಳು, ಸೂಟ್‌ಕೇಸಿನ ನಟ್ಟನಡುವೆ ಅದರ ಸ್ಥಾನ, ಕೊನೆಗೆ ವಿಮಾನ ನಿಲ್ದಾಣದಲ್ಲಿ ಹಣ ತೆತ್ತು ಸೂಟ್‌ಕೇಸಿಗೇ ಒಂದು ಪ್ಲಾಸ್ಟಿಕ್ ಹೊದಿಕೆ. ಮುಂದಿನ ತಿಂಗಳು ಮತ್ತೆ ಹೊರಡುವರಂತೆ. ಇಷ್ಟೆಲ್ಲ ಪಾಡು ಏಕೆ, ಜಾಡಿಯನ್ನು ತಮ್ಮ ಮನೆಯವರು ಮಡಿಲಲ್ಲಿ ಅಪ್ಪಿಕೊಂಡು ಕುಳಿತರೆ ಸಾಲದೆ ಎಂದು ವಿನಯದಿಂದಲೇ ಕೇಳಿದೆ.

“ಎಲ್ಲಾದರೂ ಉಂಟೇನ್ರೀ, ಒಡೆದುಹೋದ್ರೆ?” ಎಂದರು.