ಆ ನಾಲ್ಕೂವರೆ ಗಂಟೆ ನಮ್ಮ ಕೈಯಲ್ಲಿದೆ

ಕಳೆದ ವರ್ಷ ಸ್ಪರ್ಧಾತ್ಮಕ ಪರೀಕ್ಷೆಗೆಂದು ಊರಲ್ಲೇ ಕೂತು ಓದುತ್ತಿದ್ದೆ. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದ ದೊಡ್ಡಪ್ಪನ ಬಲಗೈಯಿಂದ ಲೋಟ ಜಾರಿತು. ಬಾಯಿ ಒಂದು ಕಡೆಗೆ ವಾಲಿತ್ತು, ಮಾತು ತೊದಲುತ್ತಿತ್ತು. ‘ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ, ಸ್ವಲ್ಪ ಮಲಗಲಿ’ ಎಂದರು ದೊಡ್ಡಮ್ಮ. ನಾನೂ ಹೌದೆಂದು ತಲೆಯಾಡಿಸಿ ಪುಸ್ತಕಕ್ಕೆ ಮರಳಿದೆ.

ಮಧ್ಯಾಹ್ನ ಅವರಿಗೆ ಏಳಲು ಆಗಲಿಲ್ಲ. ಲಕ್ವಕ್ಕೆ ನಾಟಿ ಔಷಧಿ ಕೊಡುವವರ ಹೆಸರನ್ನು ಯಾರೋ ಹೇಳಿದರು. ಮೊದಲು ಅಲ್ಲಿಗೆ ಹೋದೆವು. ಜಿಲ್ಲಾ ಕೇಂದ್ರದ ಆಸ್ಪತ್ರೆ ತಲುಪುವಾಗ ಸಂಜೆಯಾಗಿತ್ತು. ‘ನಾಲ್ಕೂವರೆ ಗಂಟೆಯೊಳಗೆ ಬಂದಿದ್ದರೆ ಇಂಜೆಕ್ಷನ್ ಕೊಟ್ಟು ನೋಡಬಹುದಿತ್ತು’ ಎಂದರು ವೈದ್ಯರು.

ಮನುಷ್ಯನ ಮಿದುಳಿನ ತೂಕವೆಷ್ಟು ಎಂದರೆ ನಿದ್ದೆಗಣ್ಣಲ್ಲೂ ಉತ್ತರ ಹೇಳುತ್ತಿದ್ದ ನನಗೆ, ಕಣ್ಣೆದುರೇ ಆದ ಪಾರ್ಶ್ವವಾಯು ಗೊತ್ತಾಗಲಿಲ್ಲ. ಆ ಇಂಜೆಕ್ಷನ್ ಯಾವುದೆಂದು ಓದತೊಡಗಿದ್ದು ಆಮೇಲೆ.

ಪಾರ್ಶ್ವವಾಯು ಪ್ರಕರಣಗಳಲ್ಲಿ ಹೆಚ್ಚಿನವಕ್ಕೆ ಕಾರಣ, ಮಿದುಳಿನ ರಕ್ತನಾಳಕ್ಕೆ ಅಡ್ಡವಾಗುವ ರಕ್ತದ ಹೆಪ್ಪು. ದೊಡ್ಡ ರಕ್ತನಾಳ ಮುಚ್ಚಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜಿದೆ. ಹೆಪ್ಪು ಕರಗಿಸುವ ಆಲ್ಟೆಪ್ಲೇಸ್ ಔಷಧಿ ಮೂರು ಗಂಟೆಯೊಳಗೆ ಕೊಟ್ಟರೆ ಫಲಕಾರಿ ಎಂದು 1995ರಲ್ಲಿ ಅಮೆರಿಕದ ಅಧ್ಯಯನ ತೋರಿಸಿತು. 2008ರಲ್ಲಿ ಯುರೋಪಿನ ಅಧ್ಯಯನವೊಂದು ಈ ಗಡುವನ್ನು ನಾಲ್ಕೂವರೆ ಗಂಟೆಗೆ ಹಿಗ್ಗಿಸಿತು.

ಆದರೆ ಆಲ್ಟೆಪ್ಲೇಸ್ ಅನ್ನು ಒಂದು ಗಂಟೆ ಕಾಲ ಡ್ರಿಪ್ಪಿನಲ್ಲಿ ಹರಿಸಬೇಕು. ಹೊಸ ಔಷಧಿ ಟೆನೆಕ್ಟೆಪ್ಲೇಸ್‌ಗೆ ಒಂದೇ ಚುಚ್ಚುಮದ್ದು, ಕೆಲವೇ ಸೆಕೆಂಡು ಸಾಕು. ಇದು ಹಳೆಯದಕ್ಕಿಂತ ಕಡಿಮೆಯೇನಲ್ಲ ಎಂದು 2022ರಲ್ಲಿ ಕೆನಡಾದ ದೊಡ್ಡ ಅಧ್ಯಯನ ಹೇಳಿತು. 2025ರಲ್ಲಿ ಅಮೆರಿಕ ಇದಕ್ಕೆ ಅನುಮತಿ ಕೊಟ್ಟಿತು. ಭಾರತದಲ್ಲಿ ಅದಕ್ಕೂ ಮೊದಲಿನಿಂದಲೇ ಬಳಕೆಯಲ್ಲಿದೆ. ಹೆಪ್ಪು ಕರಗುವವರೆಗೆ ನರಕೋಶಗಳನ್ನು ಕಾಪಾಡುವ ಔಷಧಿಗಾಗಿಯೂ ಹುಡುಕಾಟ ನಡೆದಿದೆ. ಅಂಥ ನೆರಿನೆಟೈಡ್ 2020ರ ದೊಡ್ಡ ಪರೀಕ್ಷೆಯಲ್ಲಿ ಒಟ್ಟಾರೆ ಫಲ ಕೊಡಲಿಲ್ಲ.

ವಿಜ್ಞಾನಿಗಳು ವರ್ಷಗಟ್ಟಲೆ ದುಡಿದು ಒಂದು ಗಂಟೆ ಉಳಿಸಿಕೊಟ್ಟರು. ನಾವು ಮನೆಯಲ್ಲಿ ಒಂದು ಹಗಲನ್ನೇ ಕಳೆದೆವು. ಎಷ್ಟೇ ಹೊಸ ಔಷಧಿ ಬರಲಿ, ರೋಗಿ ಸಮಯಕ್ಕೆ ತಲುಪದಿದ್ದರೆ ಅದು ಸೀಸೆಯಲ್ಲೇ ಉಳಿಯುತ್ತದೆ.

ತಲುಪಿದರಷ್ಟೇ ಸಾಲದು ಎನ್ನುವುದೂ ನಿಜ. ಮಿದುಳಿನಲ್ಲಿ ರಕ್ತಸ್ರಾವವಾಗಿದ್ದರೆ ಇದೇ ಇಂಜೆಕ್ಷನ್ ಪ್ರಾಣಕ್ಕೇ ಕುತ್ತು. ಹಾಗಾಗಿ ಮೊದಲು ಸ್ಕ್ಯಾನ್ ಆಗಲೇಬೇಕು. ತಾಲ್ಲೂಕು ಮಟ್ಟದಲ್ಲೇ ಸಿ.ಟಿ. ಸ್ಕ್ಯಾನ್ ಮತ್ತು ಈ ಔಷಧಿ ಸಿಗಬೇಕೆಂದು ನಾವು ಸರ್ಕಾರವನ್ನು ಕೇಳಲೇಬೇಕು. ಆದರೆ ಅದು ಬರುವವರೆಗೆ ಸುಮ್ಮನಿರಬೇಕಿಲ್ಲ. ಮನೆಯಲ್ಲಿ ಮೊಬೈಲ್ ಹಿಡಿದು ಕೂತಿರುವವರು ನಾವೇ ತಾನೆ? ಮುಖ ವಾಲಿದೆಯೇ, ಕೈ ಸೋತಿದೆಯೇ, ಮಾತು ತೊದಲುತ್ತಿದೆಯೇ ಎಂದು ನೋಡಲು ಒಂದು ನಿಮಿಷ ಸಾಕು. ಒಂದು ಲಕ್ಷಣ ಕಂಡರೂ 108ಕ್ಕೆ ಕರೆ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು. ಲಕ್ಷಣ ಶುರುವಾದ ಸಮಯ ಬರೆದಿಟ್ಟುಕೊಳ್ಳಬೇಕು. ಬಾಯಿಗೆ ಏನನ್ನೂ ಹಾಕಬಾರದು.

ದೊಡ್ಡಪ್ಪ ಈಗ ಎಡಗೈಯಲ್ಲಿ ಲೋಟ ಹಿಡಿಯುತ್ತಾರೆ. ನನ್ನ ನೋಟ್ಸಿನ ಮೊದಲ ಪುಟದಲ್ಲಿ ನಾಲ್ಕು ಪದಗಳಿವೆ: ಮುಖ, ಕೈ, ಮಾತು, ಸಮಯ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಯಾರ ಮನೆಯಲ್ಲಾದರೂ, ಯಾವತ್ತಾದರೂ ಬರಬಹುದು.