ಸುಡದ ಇಟ್ಟಿಗೆ



ಹಿಂದಿನ ಎರಡು ಸಂಚಿಕೆಗಳಲ್ಲಿ ಈ ಅಂಕಣ ಇರಲಿಲ್ಲವೆಂದು ಕೆಲವರು ಕಾಗದ ಬರೆದು ವಿಚಾರಿಸಿದ್ದಾರೆ. ಅನಾರೋಗ್ಯವೇನೂ ಇರಲಿಲ್ಲ. ತಿಪಟೂರು ಸೀಮೆಯ ನಮ್ಮ ಹುಟ್ಟೂರಿನಲ್ಲಿ ನನ್ನ ತಮ್ಮನು ಹೊಸ ಮನೆಗೆ ಕೈಹಾಕಿದ್ದನು. ಗೋಡೆಯನ್ನು ಯಾವುದರಿಂದ ಕಟ್ಟಬೇಕೆಂಬ ವಿಷಯದಲ್ಲಿ ಅವನಿಗೂ ಅವನ ಮಗಳಿಗೂ ಮಾತು ನಿಂತುಹೋಗಿತ್ತು. ಹಿರಿಯನಾದ ನಾನು ಬಂದು ತೀರ್ಮಾನ ಹೇಳಬೇಕೆಂದು ತಮ್ಮನ ಹೆಂಡತಿ ಹೇಳಿಕಳುಹಿಸಿದಳು. ನಾಲ್ಕು ದಿನಕ್ಕೆಂದು ಹೋದವನು ಎರಡು ತಿಂಗಳ ಸಮೀಪ ಅಲ್ಲಿಯೇ ಉಳಿದೆನು. ಗ್ರಂಥವಿಚಾರಕ್ಕೆ ಮೀಸಲಾದ ಪುಟದಲ್ಲಿ ಇಟ್ಟಿಗೆಯ ಮಾತು ಬಂದಿತಲ್ಲ ಎಂದು ಯಾರೂ ಬೇಸರಿಸಬಾರದು. ಮನೆ ಕಟ್ಟುವ ಯೋಚನೆಯಲ್ಲಿರುವ ಕುಟುಂಬಗಳು ನಮ್ಮ ಓದುಗರಲ್ಲಿ ಅನೇಕವಿವೆ.

ತಮ್ಮನ ಲೆಕ್ಕಾಚಾರ ನಮ್ಮ ಕಡೆಯ ರೈತರೆಲ್ಲರ ಲೆಕ್ಕಾಚಾರವೇ. ಮನೆಗೆ ಇಪ್ಪತ್ತು ಸಾವಿರ ಇಟ್ಟಿಗೆ ಬೇಕು. ಕೆರೆಯ ಗೋಡು ಹತ್ತಿರದಲ್ಲಿಯೇ ಇದೆ. ಇಟ್ಟಿಗೆ ಕೊಯ್ಯುವವನನ್ನು ಕರೆತಂದು ಸ್ವಂತ ಗೂಡು ಹಾಕಿಸಿದರೆ ಸೌದೆಯೊಂದನ್ನು ಒದಗಿಸಿದರಾಯಿತು. ಹೊಲದ ಬದುವಿನಲ್ಲಿ ನಮ್ಮ ತಾಯಿ ನೆಟ್ಟು ಬೆಳೆಸಿದ ಮೂರು ಹುಣಸೆ ಮರಗಳಿವೆ. ಗೂಡಿನವನು ಹಗ್ಗ ಹಿಡಿದು ಅವುಗಳ ಬೊಡ್ಡೆಯ ಸುತ್ತಳತೆಯನ್ನು ನೋಡಿಕೊಂಡು ಹೋಗಿದ್ದನು. ಮೂರೂ ಸಾಲವು, ಇನ್ನೂ ಒಂದು ಗಾಡಿ ಸೌದೆ ಹೊರಗಿನಿಂದ ಬೇಕಾದೀತು ಎಂದು ಅವನ ಅಂದಾಜು.

ತಮ್ಮನ ಮಗಳು ಬೆಂಗಳೂರಿನಲ್ಲಿ ಸಿವಿಲ್ ಎಂಜಿನಿಯರಿಂಗಿನಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದಾಳೆ. ಆಕೆಯ ಸಂಶೋಧನೆಯ ವಿಷಯವೇ ಮಣ್ಣಿನ ಒತ್ತಿಟ್ಟಿಗೆ. ಅಂದರೆ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಹದವಾಗಿ ನೀರು ಚಿಮುಕಿಸಿ, ಕೈಯಂತ್ರದಲ್ಲಿ ಒತ್ತಿ ತೆಗೆದ ಇಟ್ಟಿಗೆ. ಇದಕ್ಕೆ ಗೂಡೂ ಇಲ್ಲ, ಬೆಂಕಿಯೂ ಇಲ್ಲ. ನದಿಯ ಮರಳಿಗೆ ಬದಲಾಗಿ ಜಲ್ಲಿ ಯಂತ್ರದ ಕಲ್ಲುಪುಡಿಯನ್ನು ಬೆರೆಸಿದರೆ ಇಂತಹ ಇಟ್ಟಿಗೆಯ ಬಲ ಏನಾಗುತ್ತದೆಂದು ಆಕೆ ಪರೀಕ್ಷಿಸುತ್ತಿದ್ದಾಳೆ. ಇಷ್ಟು ಓದಿ, ತನ್ನ ಮನೆಗೇ ಮರ ಕಡಿದು ಇಟ್ಟಿಗೆ ಸುಟ್ಟರೆ ಗುರುಗಳ ಮುಂದೆ ಹೇಗೆ ನಿಲ್ಲಲಿ ಎಂಬುದು ಆಕೆಯ ಪ್ರಶ್ನೆ. ಊರಿನವರು ಮಣ್ಣಿನ ಗೋಡೆ ಕೆಡವಿ ಮೇಲೆ ಬರುತ್ತಿರುವಾಗ ತಾನು ಮಣ್ಣಿನ ಮನೆ ಕಟ್ಟಿದರೆ ನಾಳೆ ಇವಳನ್ನು ನೋಡಲು ಬರುವ ಬೀಗರು ಏನೆಂದಾರು ಎಂಬುದು ತಮ್ಮನ ಪ್ರಶ್ನೆ.

ನಿಜ ಹೇಳಬೇಕೆಂದರೆ ನಾನು ತಮ್ಮನ ಪಕ್ಷವನ್ನು ಮನಸ್ಸಿನಲ್ಲಿ ನಿರ್ಧರಿಸಿಕೊಂಡೇ ಹೋಗಿದ್ದೆನು. ನನಗೆ ಎಂಟೊಂಬತ್ತು ವರ್ಷವಾಗಿದ್ದಾಗ, ಏಳು ದಿನ ಜಡಿಮಳೆ ಹಿಡಿದ ಒಂದು ರಾತ್ರಿ ನಮ್ಮ ಹಳೆಯ ಮನೆಯ ಹಿಂಬದಿಯ ಮಣ್ಣಿನ ಗೋಡೆ ಕೊಟ್ಟಿಗೆಯ ಮೇಲೆ ಕುಸಿಯಿತು. ಕರೆಯುವ ಹಸು ಅದರಡಿ ಸಿಕ್ಕಿಕೊಂಡಿತು. ಬೆಳಗಾಗುವವರೆಗೆ ಅದರ ಕೂಗು ಕೇಳುತ್ತಿತ್ತು. ಕತ್ತಲೆಯಲ್ಲಿ ಯಾರೂ ಹತ್ತಿರ ಹೋಗುವಂತಿರಲಿಲ್ಲ. ಆಮೇಲೆ ಮಠದ ಪಾಠಶಾಲೆಗೆ ಸೇರಿದ ನನಗೆ, ಅಲ್ಲಿನ ಕಲ್ಲುಗೋಡೆಯ ಕೋಣೆಯಲ್ಲಿ ಮಲಗಿದ ಮೊದಲ ಮಳೆಗಾಲದಲ್ಲಿ, ನೆಮ್ಮದಿಯಾಗಿ ನಿದ್ರೆ ಬಂದದ್ದು ಇಂದಿಗೂ ನೆನಪಿದೆ. ಈ ಮಾತನ್ನು ಹುಡುಗಿಗೆ ಹೇಳಿದೆನು.

ಆಕೆ ವಾದಕ್ಕೆ ನಿಲ್ಲಲಿಲ್ಲ. "ದೊಡ್ಡಪ್ಪ, ನೀವು ಹೇಳಿದ ಗೋಡೆ ಬಿದ್ದದ್ದು ನಿಜ. ಯಾಕೆ ಬಿತ್ತು ಅಂತ ನೋಡೋಣ" ಎಂದು, ಬೆಂಗಳೂರಿನಿಂದ ತಂದಿದ್ದ ಒಂದು ಒತ್ತಿಟ್ಟಿಗೆಯನ್ನೂ ನಮ್ಮ ಹಳೆಯ ಗೋಡೆಯಿಂದ ಒಡೆದ ಒಂದು ಹೆಂಟೆಯನ್ನೂ ನೀರು ತುಂಬಿದ ಎರಡು ತಪ್ಪಲೆಗಳಲ್ಲಿ ಇಟ್ಟಳು. ಹೆಂಟೆಯು ನಾನು ಸ್ನಾನ ಮುಗಿಸಿ ಬರುವುದರೊಳಗೆ ಕರಗಿ ಕೆಸರಾಗಿತ್ತು. ಇಟ್ಟಿಗೆಯನ್ನು ಮಾರನೆಯ ಬೆಳಿಗ್ಗೆ ನಾನೇ ಹೊರತೆಗೆದೆನು. ಅಂಚು ಸಹ ಸವೆದಿರಲಿಲ್ಲ. ತಮ್ಮನು ಅದನ್ನು ಎತ್ತಿ ಚಪ್ಪಡಿಯ ಮೇಲೆ ಹಾಕಿದನು. ಎರಡು ಹೋಳಾಯಿತು, ಆದರೆ ಪುಡಿಯಾಗಲಿಲ್ಲ. ಸುಟ್ಟ ಇಟ್ಟಿಗೆಯಾದರೂ ಅಷ್ಟೇ ಆಗುತ್ತಿತ್ತೆಂದು ಅವನೇ ಒಪ್ಪಿದನು.

ಇದು ಈ ಹುಡುಗಿಯ ಹೊಸ ಕಲ್ಪನೆಯೇನಲ್ಲ. ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ 'ಅಸ್ತ್ರ' ಎಂಬ ವಿಭಾಗ ಆರಂಭವಾಯಿತು. ವಿದ್ಯುದ್ರಸಾಯನಶಾಸ್ತ್ರದಲ್ಲಿ ಹೆಸರು ಪಡೆದಿದ್ದ ವಿದ್ವಾಂಸರು ಹಳ್ಳಿಯ ಒಲೆ, ಸೌದೆ, ಸಗಣಿಗಳ ಅಧ್ಯಯನಕ್ಕೆ ಇಳಿದರು. ನಮ್ಮ ತುಮಕೂರು ಜಿಲ್ಲೆಯದೇ ಆದ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅವರ ಕ್ಷೇತ್ರಕೇಂದ್ರವಿತ್ತು. ಹೊಗೆ ಕೊಳವೆಯಿಟ್ಟ 'ಅಸ್ತ್ರ ಒಲೆ'ಯನ್ನು ಹಾಕಿಸಿಕೊಂಡಿದ್ದ ಮನೆಗಳು ಓದುಗರಲ್ಲಿ ಇನ್ನೂ ಇರಬಹುದು. ಅದು ಇಲ್ಲಿಂದಲೇ ಬಂದದ್ದು. ಮಣ್ಣಿನ ಇಟ್ಟಿಗೆಯ ಕೆಲಸವನ್ನು ಪ್ರೊಫೆಸರ್ ಕೆ. ಎಸ್. ಜಗದೀಶ್ ಕೈಗೆತ್ತಿಕೊಂಡರು. ಬಿ. ವಿ. ವೆಂಕಟರಾಮ ರೆಡ್ಡಿಯವರು ಮಣ್ಣನ್ನು ಒತ್ತುವ ಕ್ರಮವನ್ನೂ ಸಿಮೆಂಟು ಬೆರೆಸಿದ ಒತ್ತಿಟ್ಟಿಗೆಯ ಗುಣವನ್ನೂ ಕುರಿತೇ ತಮ್ಮ ಡಾಕ್ಟರೇಟ್ ಪ್ರಬಂಧವನ್ನು 1991ರಲ್ಲಿ ರಚಿಸಿದರು. ಇಟ್ಟಿಗೆ ಒತ್ತುವ ಕೈಯಂತ್ರವು 1950ರ ದಶಕದಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ಮೊದಲು ರೂಪುಗೊಂಡಿತು. ಬೆಂಗಳೂರಿನವರು ತಮ್ಮದೇ ಯಂತ್ರವನ್ನು ರೂಪಿಸಿ ಅದಕ್ಕೆ 'ಮರ್ದಿನಿ' ಎಂದು ಹೆಸರಿಟ್ಟರು. ಹೆಸರಿಟ್ಟವರಿಗೆ ಸಂಸ್ಕೃತ ಚೆನ್ನಾಗಿ ಗೊತ್ತಿತ್ತೆಂದು ಕಾಣುತ್ತದೆ. 'ಅಸ್ತ್ರ'ವು ಈಗ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಗಿದೆ.

ಜಗದೀಶ್ ಮತ್ತು ವೆಂಕಟರಾಮ ರೆಡ್ಡಿಯವರು 2003ರಲ್ಲಿ ಪ್ರಕಟಿಸಿದ ಒಂದು ಲೇಖನವನ್ನು ಹುಡುಗಿ ನನಗೆ ಓದಿ ಅರ್ಥ ಹೇಳಿದಳು. ಕಟ್ಟಡದ ಒಂದೊಂದು ಸಾಮಗ್ರಿಯೂ ಸಿದ್ಧವಾಗಿ ಬರುವಷ್ಟರಲ್ಲಿ ಎಷ್ಟು ಶಕ್ತಿ ವ್ಯಯವಾಗಿರುತ್ತದೆ ಎಂಬುದರ ಲೆಕ್ಕ ಅದು. ಅದಕ್ಕೆ ಅಂತರ್ಗತ ಶಕ್ತಿಯೆಂದು ಹೆಸರು. ಕೇಳುತ್ತಿದ್ದಂತೆ ನನಗೆ ತರ್ಕದ ಪಾಠ ಜ್ಞಾಪಕಕ್ಕೆ ಬಂದಿತು. ಘಟಕ್ಕೆ ಮಣ್ಣು ಉಪಾದಾನ ಕಾರಣ, ಕುಂಬಾರನೂ ದಂಡಚಕ್ರಾದಿಗಳೂ ನಿಮಿತ್ತ ಕಾರಣ ಎಂದು ನಾವು ಹನ್ನೆರಡು ವರ್ಷ ಉರುಹೊಡೆದೆವು. ಆವಿಗೆಯೊಳಗೆ ಉರಿದುಹೋದ ಸೌದೆ ಎಷ್ಟು, ಅದು ಯಾರ ಮರ ಎಂದು ನಮ್ಮಲ್ಲಿ ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ, ಗುರುಗಳೂ ಹೇಳಲಿಲ್ಲ. ಘಟವೆಂದರೆ ನಮಗೆ ಉದಾಹರಣೆ ಮಾತ್ರವಾಗಿತ್ತು.

ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. ಒಂದು ಸುಟ್ಟ ಇಟ್ಟಿಗೆಗೆ ಕಾಲು ಕಿಲೊದಿಂದ 0.30 ಕಿಲೊವರೆಗೆ ಸೌದೆ ಬೇಕು. ಒಂದೊಂದಾಗಿ ನೋಡಿದರೆ ಏನೂ ಅಲ್ಲ. ತಮ್ಮನ ಇಪ್ಪತ್ತು ಸಾವಿರಕ್ಕೆ ಐದರಿಂದ ಆರು ಟನ್ನು. ಶಕ್ತಿಯ ಮಾನದಲ್ಲಿ ಒಂದು ಇಟ್ಟಿಗೆಗೆ ಸರಾಸರಿ 4.25 ಮೆಗಾಜೂಲ್. ನೂರಕ್ಕೆ ಆರು ಪಾಲು ಸಿಮೆಂಟು ಹಾಕಿದ ಒತ್ತಿಟ್ಟಿಗೆಗೆ 2.60 ಮೆಗಾಜೂಲ್. ಆದರೆ ಒತ್ತಿಟ್ಟಿಗೆ ದೊಡ್ಡದು, ಎರಡೂವರೆಗೂ ಹೆಚ್ಚು ಸಾದಾ ಇಟ್ಟಿಗೆಗಳ ಜಾಗವನ್ನು ಅದೊಂದೇ ತುಂಬುತ್ತದೆ. ಆ ಜಾಗಕ್ಕೆ ಸುಟ್ಟ ಇಟ್ಟಿಗೆಯಾದರೆ ಹನ್ನೊಂದು ಮೆಗಾಜೂಲ್ ಆಗುತ್ತದೆ. ಹೆಚ್ಚುಕಡಮೆ ನಾಲ್ಕರಲ್ಲಿ ಒಂದು ಪಾಲು.

"ಸಿಮೆಂಟನ್ನೂ ಸುಟ್ಟೇ ಮಾಡುತ್ತಾರಲ್ಲವೇ ಮಗು? ನಮ್ಮ ಊರಿನ ಹೊಗೆಯನ್ನು ಇನ್ನೊಂದು ಊರಿಗೆ ಸಾಗಿಸಿದಂತಾಯಿತಷ್ಟೆ" ಎಂದು ಆಕ್ಷೇಪಿಸಿದೆನು. ಈ ಪೂರ್ವಪಕ್ಷ ಬಲವಾಗಿದೆಯೆಂದೇ ನಾನು ಭಾವಿಸಿದ್ದೆ. "ಹೌದು ದೊಡ್ಡಪ್ಪ, ಆ 2.60ರಲ್ಲಿ ಬಹುಪಾಲು ಸಿಮೆಂಟಿನದೇ. ಒಂದು ಕಿಲೊ ಸಿಮೆಂಟಿಗೆ 5.85 ಮೆಗಾಜೂಲ್ ಅಂತ ಸೇರಿಸಿಯೇ ಲೆಕ್ಕ ಹಾಕಿದ್ದಾರೆ. ಅದಕ್ಕೇ ಸಿಮೆಂಟು ಹೆಚ್ಚು ಹಾಕಬಾರದು ಅನ್ನೋದು" ಎಂದಳು. ಎಂಟು ಕಿಲೊ ತೂಗುವ ಒಂದು ಇಟ್ಟಿಗೆಗೆ ಅರ್ಧ ಕಿಲೊ ಸಿಮೆಂಟು ಸಾಕು. ಸಿಮೆಂಟು ಸುರಿದಷ್ಟೂ ಗಟ್ಟಿಯೆಂದು ನಂಬಿರುವ ನಮ್ಮ ಮೇಸ್ತ್ರಿಗಳಿಗೆ ಇದನ್ನು ಒಪ್ಪಿಸುವುದೇ ಕಷ್ಟವಾಯಿತು.

ತಮ್ಮನು ಅರ್ಧ ಮನಸ್ಸಿನಿಂದ ಒಪ್ಪಿದನು. ಯಂತ್ರ ಬಾಡಿಗೆಗೆ ಬಂದಿತು. ಮುಂದೆ ನಡೆದದ್ದನ್ನು ಮುಚ್ಚಿಡಬಾರದು. ಮೊದಲ ಮೂರು ದಿನ ಒತ್ತಿದ ಸುಮಾರು ಸಾವಿರ ಇಟ್ಟಿಗೆ ಹಾಳಾಯಿತು. ಕೆರೆಯ ಗೋಡು ಇಟ್ಟಿಗೆ ಕೊಯ್ಯಲು ಒಳ್ಳೆಯ ಮಣ್ಣೆಂದು ಎಲ್ಲರಿಗೂ ಗೊತ್ತಿದೆ. ಒತ್ತಿಟ್ಟಿಗೆಗೂ ಅದೇ ಒಳ್ಳೆಯದೆಂದು ಆಳುಗಳು ಹುಡುಗಿ ಇಲ್ಲದ ವೇಳೆಯಲ್ಲಿ ಅದನ್ನೇ ತುಂಬಿದ್ದರು. ಒಣಗಿದಂತೆ ಒಂದೊಂದೂ ಬಿರುಕುಬಿಟ್ಟಿತು. ಜಗಲಿಯ ಮೇಲೆ ಕುಳಿತವರು ನಕ್ಕರು. ತಮ್ಮನು ಗೂಡಿನವನಿಗೆ ಮತ್ತೆ ಹೇಳಿಕಳುಹಿಸಿದನು.

ಆ ರಾತ್ರಿ ಹುಡುಗಿ ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದು ನಾಲ್ಕು ಗಾಜಿನ ಬಾಟಲಿಗಳಲ್ಲಿ ನಾಲ್ಕು ಕಡೆಯ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಅಲುಗಿಸಿ ಸಾಲಾಗಿ ಇಟ್ಟಳು. ಮರಳು ಕೂಡಲೇ ತಳಕ್ಕೆ ಇಳಿಯುತ್ತದೆ, ಅದರ ಮೇಲೆ ನುಣುಪು ಮಣ್ಣು, ಕೊನೆಗೆ ಬಹಳ ಹೊತ್ತಿನ ಮೇಲೆ ಜೇಡಿ. ಗೋಡಿನ ಬಾಟಲಿಯಲ್ಲಿ ಜೇಡಿಯ ಪದರವೇ ದಪ್ಪ. ಬಾವಿ ತೋಡಿದಾಗ ಮೇಲೆ ಹಾಕಿದ್ದ ಕೆಮ್ಮಣ್ಣಿನಲ್ಲಿ ಮರಳು ಹೆಚ್ಚು. ನೂರರಲ್ಲಿ ಅರವತ್ತೈದು ಪಾಲಾದರೂ ಮರಳಿರಬೇಕು, ಜೇಡಿ ಹದಿನೈದರೊಳಗಿದ್ದರೆ ಒಳ್ಳೆಯದು. ಕಾರಣ ಸ್ಪಷ್ಟವಾಗಿಯೇ ಇದೆ: ಸಿಮೆಂಟು ಹಿಡಿಯುವುದು ಮರಳಿನ ಕಣಗಳನ್ನು. ಜೇಡಿಯು ನೀರು ಕುಡಿದು ಉಬ್ಬಿ, ಒಣಗಿ ಕುಗ್ಗಿ, ಆ ಹಿಡಿತವನ್ನು ಬಿಡಿಸುತ್ತದೆ. ಸ್ವಲ್ಪವೂ ಜೇಡಿ ಇಲ್ಲದಿದ್ದರೆ ಹಸಿ ಇಟ್ಟಿಗೆ ಯಂತ್ರದಿಂದ ಎತ್ತುವಾಗಲೇ ಮುರಿಯುತ್ತದೆ. ಕೆಮ್ಮಣ್ಣಿಗೆ ಕಲ್ಲುಪುಡಿ ಬೆರೆಸಿದಳು. ಆಕೆಯ ಪ್ರಬಂಧದ ವಿಷಯ ಮನೆಯ ಮುಂದೆಯೇ ಕೆಲಸಕ್ಕೆ ಬಂದಿತು. ನೀರಿನ ಹದ ನೋಡುವ ಬಗೆಯನ್ನು ನಾನೂ ಕಲಿತೆನು. ಮಿಶ್ರಣವನ್ನು ಉಂಡೆ ಕಟ್ಟಿ ಎದೆಯ ಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡಬೇಕು. ನಾಲ್ಕಾರು ತುಂಡಾದರೆ ಹದ ಸರಿ. ಪುಡಿಯಾದರೆ ನೀರು ಸಾಲದು, ಅಪ್ಪಚ್ಚಿಯಾಗಿ ಕುಳಿತರೆ ನೀರು ಹೆಚ್ಚು.

ಗದಗ, ಧಾರವಾಡ, ಬಿಜಾಪುರ ಸೀಮೆಯ ಓದುಗರಿಗೆ ಒಂದು ಮಾತು. ನಿಮ್ಮ ಎರೆಯ ಮಣ್ಣು ಈ ಕೆಲಸಕ್ಕೆ ಹಾಗೆಯೇ ಒದಗುವುದಿಲ್ಲ. ಅದರ ಜೇಡಿ ಬಹಳ ಉಬ್ಬುವ ಜಾತಿಯದು. ಮರಳು ಧಾರಾಳವಾಗಿ ಬೆರೆಸಿ ಸುಣ್ಣವನ್ನೂ ಸೇರಿಸುವ ಕ್ರಮವುಂಟು. ಆದರೆ ತಿಳಿದವರಿಂದ ಮಣ್ಣನ್ನು ಪರೀಕ್ಷಿಸದೆ ತೊಡಗಬೇಡಿರಿ. ನಮ್ಮ ಸಾವಿರ ಇಟ್ಟಿಗೆಯ ನಷ್ಟ ನಿಮಗೆ ಬೇಡ. ಮಣ್ಣಿನ ಇಟ್ಟಿಗೆಗೆಂದೇ 1725 ಎಂಬ ಸಂಖ್ಯೆಯ ಭಾರತೀಯ ಮಾನಕವಿದೆ. ಎಂಜಿನಿಯರರು ಅದನ್ನು ಬಲ್ಲರು.

ಎರಡನೆಯ ಸಲ ಒತ್ತಿದ ಇಟ್ಟಿಗೆಗಳನ್ನು ಹುಲ್ಲು ಮುಚ್ಚಿ ಮೂರು ವಾರಕ್ಕೂ ಮೇಲ್ಪಟ್ಟು ನೀರು ಚಿಮುಕಿಸುತ್ತಾ ಇಟ್ಟೆವು. ಈ ಕೆಲಸವನ್ನು ಆಳುಗಳಿಗೆ ಬಿಟ್ಟರೆ ಮರೆಯುತ್ತಾರೆಂದು ನಾನೇ ವಹಿಸಿಕೊಂಡೆ. ಬೆಳಿಗ್ಗೆ ಪೂಜೆ ಮುಗಿಸಿ ಒಂದು ಸಲ, ಸಂಜೆ ಒಂದು ಸಲ. ಆರೇಳು ಜನ ಸೇರಿ ದಿನಕ್ಕೆ ನಾನೂರರವರೆಗೆ ಒತ್ತುತ್ತಿದ್ದರು. ಹಣದ ದೃಷ್ಟಿಯಿಂದ ಬಹಳ ಉಳಿತಾಯವಾಯಿತೆಂದು ನಾನು ಹೇಳಲಾರೆ. ಸೌದೆಗೆ ಹೋಗುವುದು ಕೂಲಿಗೆ ಹೋಯಿತು. ಹಾಳಾದ ಸಾವಿರದ ಸಿಮೆಂಟು ಬೇರೆ. ಆದರೆ ಕೂಲಿಯ ಹಣ ನಮ್ಮೂರಿನ ಆರೇಳು ಮನೆಗಳಿಗೆ ಸೇರಿತೆಂಬುದನ್ನು ತಮ್ಮನೇ ಲೆಕ್ಕಕ್ಕೆ ತಂದನು.

ನಾನು ಹೊರಡುವ ಹೊತ್ತಿಗೆ ಕಲ್ಲಿನ ಪಾಯದ ಮೇಲೆ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿತ್ತು. ಇಟ್ಟಿಗೆಯ ಮೈ ನಯವಾಗಿದ್ದು ಕೆಮ್ಮಣ್ಣಿನ ಬಣ್ಣ ಚೆನ್ನಾಗಿ ಕಾಣುತ್ತದೆ. ಹೊರಗೋಡೆಗೆ ಗಾರೆ ಬೇಡವೆಂದು ಮಗಳು, ಬೀದಿಯ ಕಡೆಗಾದರೂ ಗಾರೆ ಮಾಡಿಸಿ ಸುಣ್ಣ ಹೊಡೆಸಲೇಬೇಕೆಂದು ತಂದೆ. ಬೀದಿಯ ಗೋಡೆ ತಂದೆಯದು, ಉಳಿದ ಮೂರು ಮಗಳದು ಎಂದು ನಾನು ತೀರ್ಮಾನ ಹೇಳಿದೆನು; ಸೂರು ಮಾತ್ರ ಎರಡು ಅಡಿ ಹೊರಚಾಚಿರಬೇಕೆಂದು ನನ್ನ ಷರತ್ತನ್ನು ಸೇರಿಸಿದೆ. ಹಸುವಿನ ಕೂಗು ನನ್ನ ಕಿವಿಯಿಂದ ಇನ್ನೂ ಪೂರ್ತಿ ಹೋಗಿಲ್ಲ.

ಮೇಲಿನ ಮೋಲ್ಡಿನ ವಿಷಯ ಮಾತ್ರ ಬಗೆಹರಿದಿಲ್ಲ. ಕಾಂಕ್ರೀಟಿನ ಚಪ್ಪಡಿಯ ಕೆಳಭಾಗದಲ್ಲಿ ಕಬ್ಬಿಣದ ನಡುವಿನ ಕಾಂಕ್ರೀಟು ಭಾರ ಹೊರುವ ಕೆಲಸ ಮಾಡುವುದಿಲ್ಲವಂತೆ. ಅಲ್ಲಿ ಹಂಚನ್ನೋ ಮಣ್ಣಿನ ಇಟ್ಟಿಗೆಯನ್ನೋ ಇಟ್ಟು ತುಂಬಿದರೆ ಕಾಂಕ್ರೀಟು ಉಳಿಯುತ್ತದೆ. ಒಂದು ಚದರ ಮೀಟರಿಗೆ 730 ಮೆಗಾಜೂಲ್ ಬೇಕಾದಲ್ಲಿ 590 ಸಾಕು ಎಂದು ಹುಡುಗಿ ಕಾಗದದ ಮೇಲೆ ಬರೆದು ತೋರಿಸಿದಳು. ತಮ್ಮನು ಕಾಗದವನ್ನು ನೋಡಿ ಮಡಿಸಿ ಜೇಬಿನಲ್ಲಿ ಇಟ್ಟುಕೊಂಡನು. ಗೋಡೆಯ ವಿಷಯದಲ್ಲಿ ಮಾತು ಕೇಳಿದ್ದೇನೆ, ತಲೆಯ ಮೇಲಿರುವುದರಲ್ಲಿ ಪ್ರಯೋಗ ಬೇಡ ಎಂಬುದು ಅವನ ಮಾತು. ಈ ಸಲ ಅವನ ಅಂಜಿಕೆ ಪೂರ್ತಿ ತಪ್ಪೆಂದು ನನಗೂ ಅನ್ನಿಸಲಿಲ್ಲ. ಹಾಗೆ ಹಾಕಿದ ಮೋಲ್ಡಿನ ಮನೆಯೊಂದನ್ನು ಬೆಂಗಳೂರಿನಲ್ಲಿ ತೋರಿಸುತ್ತೇನೆ, ಬನ್ನಿ ಎಂದು ಮಗಳು ಕರೆದಿದ್ದಾಳೆ. ಮುಂದಿನ ಸೋಮವಾರದ ಬಸ್ಸಿಗೆ ಮೂವರೂ ಹೋಗುತ್ತಿದ್ದೇವೆ.